ಅಟ್ಟದ ಮೇಲಿನ ಕೋವಿ: ಬೆಲೆ ಎಷ್ಟು, ಜತನ ಹೇಗೆ?

ನಾನು ಭದ್ರಾವತಿ ತಾಲೂಕಿನ ಒಬ್ಬ ಸಣ್ಣ ಕೃಷಿಕ. ಎರಡೂವರೆ ಎಕರೆ ಅಡಿಕೆ, ಒಂದಿಷ್ಟು ಗದ್ದೆ. ಕೋವಿಯ ವಿಷಯದಲ್ಲಿ ನಾನು ತಜ್ಞನಲ್ಲ. ತಪ್ಪು ಮಾಡಿ ಕಲಿತವನು. ಆ ತಪ್ಪುಗಳು ಇನ್ನೊಬ್ಬರ ಮನೆಯಲ್ಲಿ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ತೋಟ ಇರುವ ಹಳೆಯ ಮನೆಗಳಲ್ಲಿ ಹುಡುಕಿದರೆ ಅಟ್ಟದಲ್ಲೋ ದೇವರ ಕೋಣೆಯ ಮೂಲೆಯಲ್ಲೋ ಒಂದು ಕೋವಿ ಇದ್ದೀತು. ನಿಮ್ಮಲ್ಲೂ ಇದ್ದರೆ ದಯವಿಟ್ಟು ಕೊನೆತನಕ ಓದಿ.

ನಮ್ಮ ಮನೆಯಲ್ಲಿ ಎರಡಿದ್ದವು. ಒಂದು ಮುತ್ತಜ್ಜನ ಕಾಲದ ಕೇಪಿನ ಕೋವಿ. ಬಾಯಿಯಿಂದ ಮಸಿ, ಚರೆ ತುಂಬಿ ಗಿಡಿಯುವಂಥದ್ದು. ಇನ್ನೊಂದು ಅಜ್ಜ 1956ರಲ್ಲಿ ಕೊಂಡ ಒಂಟಿ ನಳಿಗೆಯ ತೋಟಾ ಕೋವಿ, 12 ಬೋರಿನದು. ಎರಡೂ ಅಪ್ಪನ ಬೆಳೆರಕ್ಷಣೆ ಲೈಸೆನ್ಸಿನಲ್ಲಿ ದಾಖಲಾಗಿದ್ದವು. ಅಪ್ಪ 2021ರ ಮಳೆಗಾಲದಲ್ಲಿ ತೀರಿಕೊಂಡರು. ತಿಥಿ, ಪಾಣಿ, ಬ್ಯಾಂಕು ಅಂತ ಓಡಾಡಿದೆ. ಕೋವಿಯ ನೆನಪೇ ಆಗಲಿಲ್ಲ. ನೆನಪಾದದ್ದು ಆಯುಧಪೂಜೆಯ ಹಿಂದಿನ ದಿನ.

ಪ್ರತಿ ವರ್ಷದಂತೆ ಕೇಪಿನ ಕೋವಿಯನ್ನು ಇಳಿಸಿ ಜಗಲಿಯಲ್ಲಿ ಇಟ್ಟೆ. ಮಗಳ ಮಗ, ಏಳು ವರ್ಷದವ, ಅದರ ಕುದುರೆ ಎಳೆದು ಬಿಡುತ್ತ 'ಠೋ ಠೋ' ಅಂತ ಆಡುತ್ತಿದ್ದ. ನಾವೂ ಚಿಕ್ಕವರಿದ್ದಾಗ ಹಾಗೆಯೇ ಆಡಿದವರು. ಆಗ ಪಕ್ಕದ ಮನೆಯ ಹಿರಿಯರು ಬಂದರು. ಅವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಟರ್ನರ್ ಆಗಿದ್ದು ನಿವೃತ್ತಿಯಾದವರು. ಊರಿನವರಿಗೆಲ್ಲ ಅವರು 'ಫ್ಯಾಕ್ಟರಿ ಮಾವ'.

"ಮಾಣಿ ಕೈಯಿಂದ ಅದನ್ನು ಮೊದಲು ತಗೋ. ಒಳಗೆ ಏನಿದೆ ಅಂತ ನೋಡಿದ್ಯಾ?" ಅಂದರು.

"ಏನಿರ್ತದೆ ಮಾವ? ಅಜ್ಜ ಹೋಗಿ ನಲವತ್ತು ವರ್ಷ ದಾಟಿತು. ಅಪ್ಪ ಅದನ್ನು ಮುಟ್ಟಿದ್ದೇ ಇಲ್ಲ."

"ಅದಕ್ಕೇ ಕೇಳಿದ್ದು. ಕಡೆಗೆ ಮುಟ್ಟಿದವರು ತುಂಬಿಟ್ಟು ಹೋಗಿದ್ದರೆ?"

ಸಲಾಕೆ ಇಳಿಸಿ ನೋಡಿದೆವು. ಅದು ನಾಲ್ಕು ಬೆರಳು ಮೊದಲೇ ನಿಂತಿತು. ಕೋವಿಯಲ್ಲಿ ಈಡು ಇತ್ತು. ಅಜ್ಜ ತೀರಿಕೊಂಡದ್ದು 1979ರಲ್ಲಿ. ಅಂದರೆ ಕಡಿಮೆಯೆಂದರೂ 42 ವರ್ಷ ಅದು ತುಂಬಿಕೊಂಡೇ ಒಲೆಯ ಮೇಲಿನ ಅಟ್ಟದಲ್ಲಿ ತೂಗಿತ್ತು. ಕೇಪು ಒಂದಿರಲಿಲ್ಲ, ಅಷ್ಟೇ. ನನ್ನ ಕಾಲು ನಡುಗಿದ್ದು ಈಗಲೂ ನೆನಪಿದೆ.

ಮೊದಲು ಸಲಾಕೆ, ಆಮೇಲೆ ಮಾತು

ಕರಿಮಸಿ ಒಣಗಿದ್ದರೆ ಹಳೆಯದಾದ ಮಾತ್ರಕ್ಕೆ ಸಾಯುವುದಿಲ್ಲ. ಅದರಲ್ಲಿರುವುದು ಪೆಟ್ಲುಪ್ಪು, ಗಂಧಕ, ಇದ್ದಿಲು. ಹೊಗೆಯ ಅಟ್ಟದಲ್ಲಿ ಬೆಚ್ಚಗಿದ್ದರೆ ತಲೆಮಾರು ಕಳೆದರೂ ಹೊತ್ತಿಕೊಳ್ಳಬಲ್ಲದು. ನಮ್ಮ ಜಿಲ್ಲೆಯದೇ ಉದಾಹರಣೆ ನೋಡಿ. ಹೊಸನಗರ ತಾಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಒಂದು ಹಾಳುಬಾವಿಯ ಹೂಳು ತೆಗೆದಾಗ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಹೈದರ್-ಟಿಪ್ಪು ಕಾಲದವು. ಆ ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿತ್ತು ಎಂಬುದೇ ಅಗೆಯಲು ಕಾರಣವಾದದ್ದು. ಅದಕ್ಕೂ ಮೊದಲು ಅದೇ ಊರಿನಲ್ಲಿ ಸಿಕ್ಕಿದ್ದ ಕೆಲವನ್ನು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಮ್ಯೂಸಿಯಂನಲ್ಲಿ ತಂದಿಟ್ಟಿದ್ದರು. ಇನ್ನೂರು ವರ್ಷ ಕೆಸರಲ್ಲಿ ಮುಳುಗಿದ್ದ ಮದ್ದಿನ ವಾಸನೆಯೇ ಹೋಗಿರಲಿಲ್ಲ ಅಂದಮೇಲೆ ಒಲೆಯ ಮೇಲೆ ಒಣಗಿದ ಮದ್ದಿನ ಗತಿ ಏನು?

ನೋಡುವ ಕ್ರಮ ಸುಲಭ. ಕೋವಿಯ ಬಾಯಿ ಯಾರ ಕಡೆಗೂ ಇರಬಾರದು, ನಿಮ್ಮ ಮುಖದ ಕಡೆಗಂತೂ ಬೇಡವೇ ಬೇಡ. ಕುದುರೆಯನ್ನು ಮುಟ್ಟಬೇಡಿ. ತೆಳುವಾದ ಬಿದಿರಿನ ಅಥವಾ ಮರದ ಕೋಲನ್ನು ಪಕ್ಕದಲ್ಲಿ ನಿಂತು ಮೆಲ್ಲಗೆ ಒಳಗಿಳಿಸಿ. ಕಬ್ಬಿಣದ ಸರಳು ಬೇಡ, ಕುಟ್ಟಬೇಡಿ. ಅದು ನಿಂತ ಕಡೆ ಬಾಯಿಯ ಅಂಚಿಗೆ ಸರಿಯಾಗಿ ಸೀಮೆಸುಣ್ಣದ ಗುರುತು ಹಾಕಿ ಹೊರಗೆ ತೆಗೆಯಿರಿ. ಅದೇ ಕೋಲನ್ನು ನಳಿಗೆಯ ಹೊರಮೈಗೆ ಗುರುತು ಬಾಯಿಗೆ ಬರುವಂತೆ ಹಿಡಿದು ನೋಡಿ. ಕೋಲಿನ ತುದಿ ಕೇಪು ಕೂರಿಸುವ ಮೊನೆಯ ಹತ್ತಿರದವರೆಗೆ ಬಂದರೆ ಕೋವಿ ಖಾಲಿ. ಎರಡು ಮೂರು ಬೆರಳು ಕಡಿಮೆ ಬಂದರೆ ಒಳಗೆ ಏನೋ ಇದೆ. ಈಡು ಇರಬಹುದು, ಕಣಜದ ಗೂಡೂ ಇರಬಹುದು. ಈಡೇ ಅಂತ ತಿಳಿದು ನಡೆಯುವುದು ಕ್ಷೇಮ.

ತೋಟಾ ಕೋವಿಯಾದರೆ ಹಿಂಭಾಗ ತೆರೆದು ನೋಡಿದರಾಯಿತು. ತುಕ್ಕಿನಿಂದ ತೆರೆಯದಿದ್ದರೆ ಬಲ ಹಾಕಬೇಡಿ.

ಈಡು ಇದೆ ಅಂತಾದರೆ ನೀವೇ ತೆಗೆಯಲು ಹೋಗಬೇಡಿ. ಕೆದಕುವುದು, ಬಿಸಿ ಮಾಡುವುದು, ಸ್ಕ್ರೂ ಬಿಚ್ಚುವುದು, 'ಹೊಡೆದೇ ಖಾಲಿ ಮಾಡೋಣ' ಅನ್ನುವುದು, ಇವೆಲ್ಲ ಕೈ ಕಣ್ಣು ಕಳೆದುಕೊಳ್ಳುವ ದಾರಿ. ನಾವು ಠಾಣೆಗೆ ಬರಹದಲ್ಲಿ ತಿಳಿಸಿದೆವು. ಅವರ ಸಮ್ಮುಖದಲ್ಲೇ ಅದು ಶಿವಮೊಗ್ಗದ ಒಬ್ಬ ಲೈಸೆನ್ಸುದಾರ ಕೋವಿ ವ್ಯಾಪಾರಿಯ ಅಂಗಡಿಗೆ ಹೋಯಿತು. ಅಲ್ಲಿನ ರಿಪೇರಿಯವರು ಈಡು ತೆಗೆದು ಕಾಗದದ ಮೇಲೆ ಸುರಿದು ತೋರಿಸಿದರು. ತೆಂಗಿನ ನಾರಿನ ಉಂಡೆ, ಮುಷ್ಟಿ ಚರೆ, ಮತ್ತೆ ನಾರು, ಅದರಡಿ ಕಪ್ಪು ಮಸಿ. ನಾರನ್ನು ಅಜ್ಜನೇ ಉಂಡೆ ಕಟ್ಟಿ ತುರುಕಿದ್ದಿರಬೇಕು. ಹಂದಿ ಕಾಯಲು ತುಂಬಿದವರು ಹೊಡೆಯದೆ ಹಿಂದೆ ಬಂದು ತೂಗುಹಾಕಿದ್ದಾರೆ. ಅಷ್ಟೇ ಕತೆ.

ಕಾಗದ ಸರಿಯಿಲ್ಲದ ಕೋವಿ ಆಸ್ತಿಯಲ್ಲ, ಅಪಾಯ

ಈಗ ನನ್ನ ಎರಡನೇ ತಪ್ಪು. ಲೈಸೆನ್ಸು ಅಪ್ಪನ ಹೆಸರಿನದು. ಅವರು ತೀರಿದೊಡನೆ ಆ ಕೋವಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ನನಗಿರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನಂತೆ ಹೀಗಾದಾಗ ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸು ಇರುವ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ರಶೀದಿ ಪಡೆಯಬೇಕು. ಠೇವಣಿ ಇಟ್ಟರೆ ಕೋವಿ ಹೋಯಿತು ಅಂತ ಹೆದರುವವರಿದ್ದಾರೆ. ಹಾಗಲ್ಲ. ವಾರಸುದಾರನಿಗೆ ಲೈಸೆನ್ಸು ಸಿಕ್ಕಮೇಲೆ ಹಿಂದೆ ಪಡೆಯಬಹುದು, ಬೇಡವಾದರೆ ಹಕ್ಕಿದ್ದವರಿಗೆ ಮಾರಬಹುದು. ಅಡಗಿಸಿ ಇಟ್ಟುಕೊಂಡರೆ ಮಾತ್ರ ಜೈಲಿನ ದಾರಿ.

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಬೇರೆಯೇ ಅವಕಾಶವಿದೆ. ಲೈಸೆನ್ಸುದಾರ ತೀರಿಕೊಂಡರೆ ಅವನ ವಾರಸುದಾರ ಅರ್ಜಿ ಹಾಕಬಹುದು. ಬದುಕಿದ್ದಾಗಲೇ ವರ್ಗಾಯಿಸಲೂ ಬರುತ್ತದೆ. ಲೈಸೆನ್ಸುದಾರನಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವನಲ್ಲಿ 25 ವರ್ಷ ಇದ್ದರೆ, ಯಾವುದು ಮೊದಲೋ ಅದರಂತೆ, ತಾನು ಸೂಚಿಸಿದ ವಾರಸುದಾರನಿಗೆ ಕೊಡಿಸಬಹುದು. ಅಪ್ಪನಿಗೆ ಎಪ್ಪತ್ತು ದಾಟಿ ಎಷ್ಟೋ ವರ್ಷವಾಗಿತ್ತು. ಇದು ಗೊತ್ತಿದ್ದರೆ ಅವರೇ ಸಹಿ ಹಾಕಿ ಕೊಡುತ್ತಿದ್ದರು. ನಿಮ್ಮ ಮನೆಯ ಹಿರಿಯರು ಗಟ್ಟಿಮುಟ್ಟಾಗಿ ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ.

ಅರ್ಜಿ ಕೊಟ್ಟದ್ದು ಶಿವಮೊಗ್ಗದಲ್ಲಿ. ಲೈಸೆನ್ಸು ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳದು, ಅಂದರೆ ಡಿ.ಸಿ. ಅವರದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಹಳೆಯ ಲೈಸೆನ್ಸು, ಪಹಣಿ, ಅಮ್ಮ, ತಮ್ಮ, ತಂಗಿ ಇವರ ಒಪ್ಪಿಗೆಪತ್ರ, ಠೇವಣಿಯ ರಶೀದಿ ಇಷ್ಟನ್ನು ಜೋಡಿಸಿದೆ.

ತಿಳಿದಿರಬೇಕಾದ ಇನ್ನೂ ಕೆಲವು ಸಂಗತಿ:

ಬೆಳೆರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಗೆ, ಆತ್ಮರಕ್ಷಣೆ ಮತ್ತು ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಮೈ ನುಣುಪಾದ ಕೋವಿಗೆ ಲೈಸೆನ್ಸು ಕೊಡುವ ಮಾತು ಕಾಯ್ದೆಯ 13ನೇ ಕಲಮಿನಲ್ಲೇ ಇದೆ. ಕೇಪಿನ ಕೋವಿ ಅಂದರೆ ಲೆಕ್ಕಕ್ಕಿಲ್ಲದ್ದು ಅಂತ ಯಾರಾದರೂ ಅಂದರೆ ನಂಬಬೇಡಿ. ಅದಕ್ಕೂ ಲೈಸೆನ್ಸು ಬೇಕು.

2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಮೊದಲು ಮೂರಿತ್ತು. ವಂಶಪಾರಂಪರ್ಯವಾಗಿ ಬಂದದ್ದಕ್ಕೂ ಈ ಮಿತಿ ಇದೆ. ಅದೇ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು.

ಲೈಸೆನ್ಸಿನಲ್ಲಿ ಯು.ಐ.ಎನ್. ಎಂಬ ಸಂಖ್ಯೆ ಇರಬೇಕು. ಅದಿಲ್ಲದ ಹಳೆಯ ಪುಸ್ತಕಗಳು 2020ರಲ್ಲಿ ಗಡುವು ಮುಗಿದಮೇಲೆ ಸಿಂಧುವಲ್ಲ.

ಶೆಟ್ಟಿಹಳ್ಳಿ, ಭದ್ರಾ ಅಭಯಾರಣ್ಯಗಳ 10 ಕಿಲೋಮೀಟರ್ ಸುತ್ತಿನಲ್ಲಿ ಇರುವವರಿಗೆ ಅರಣ್ಯ ಇಲಾಖೆಯ ಮಾತೂ ಬರುತ್ತದೆ. 1972ರ ವನ್ಯಜೀವಿ ಕಾಯ್ದೆಯಂತೆ ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು.

ಕೊಡಗಿನವರಿಗೆ ಲೈಸೆನ್ಸು ಬೇಡವಂತೆ, ನಮಗ್ಯಾಕೆ ಅಂತ ಕೇಳುವವರಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವುದು ವಿಶೇಷ ವಿನಾಯಿತಿ. ಅದು ಶಿವಮೊಗ್ಗ ಜಿಲ್ಲೆಗೆ ಅನ್ವಯಿಸದು.

ನನ್ನ ಅರ್ಜಿ ಹದಿನಾಲ್ಕು ತಿಂಗಳು ನಿಂತಿತು. ಯಾರನ್ನೂ ದೂರುವುದಿಲ್ಲ. ಕಾರಣ ನಮ್ಮ ಮನೆಯಲ್ಲೇ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ರೈಫಲ್ಲೋ, ಕೋವಿಯೋ? ಎಷ್ಟು ಹಳೆಯದು?

2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಖಡ್ಗ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹರಾಜಾಯಿತು. ಆ ಸುದ್ದಿ ಓದಿದ ತಮ್ಮ ಬೆಂಗಳೂರಿನಿಂದ ಫೋನು ಮಾಡಿದ. "ಅಣ್ಣಾ, ನಮ್ಮದೂ ಟಿಪ್ಪು ಕಾಲದ ರೈಫಲ್ಲೇ ಅಲ್ವಾ? ಅಜ್ಜ ಹೇಳ್ತಿದ್ರಲ್ಲ. ಮಾರಿದರೆ ತೋಟದ ಸಾಲ ತೀರಿ ಬೋರ್‌ವೆಲ್ಲೂ ಆಗ್ತದೆ ನೋಡು." ಸಾಲ ಇದ್ದದ್ದು ನಿಜ. ಆಸೆ ನನಗೂ ಆಯಿತು.

ಫ್ಯಾಕ್ಟರಿ ಮಾವ ಕನ್ನಡಕ ಏರಿಸಿ ಕೂತರು. ಅವರು ಮೊದಲು ನಳಿಗೆಯ ಒಳಗೆ ಟಾರ್ಚು ಬಿಟ್ಟರು. ರೈಫಲ್ ಅಂದರೆ ನಳಿಗೆಯ ಒಳಗೆ ಸುರುಳಿ ಗೀರುಗಳು ಇರಬೇಕು. ಆ ಗೀರು ಗುಂಡನ್ನು ತಿರುಗಿಸಿ ನೇರಕ್ಕೆ ಕಳಿಸುತ್ತದೆ. ನಮ್ಮದರ ಒಳಗೆ ಅದು ಇರಲಿಲ್ಲ. ಚರೆ ಹೊಡೆಯುವ ಕೋವಿಗೆ ಒಳಮೈ ನುಣುಪು. ನಮ್ಮ ಕಡೆ ಉದ್ದ ನಳಿಗೆ ಇರುವುದಕ್ಕೆಲ್ಲ ರೈಫಲ್ ಅನ್ನುತ್ತೇವೆ, ಅಷ್ಟೇ. ಗೀರು ಇದ್ದರೆ ಲೈಸೆನ್ಸಿನ ಬಗೆಯೇ ಬೇರೆ. ಸೈನ್ಯದ ಅಳತೆಯದಾದರೆ ನಿಷೇಧಿತವೂ ಆಗಿದ್ದೀತು. ಅದನ್ನು ಮೊದಲೇ ಖಚಿತ ಮಾಡಿಕೊಳ್ಳಬೇಕು.

ಎರಡನೆಯದು, ಕಾಲ. ಟಿಪ್ಪು ತೀರಿದ್ದು 1799ರಲ್ಲಿ. ಆಗಿದ್ದದ್ದು ಬತ್ತಿಯ ಕೋವಿ, ಇಲ್ಲವೇ ಚಕಮಕಿ ಕಲ್ಲಿನ ಕೋವಿ. ಪೆಟ್ಟು ಬಿದ್ದರೆ ಹೊತ್ತುವ ಮದ್ದಿಗೆ ಸ್ಕಾಟ್ಲೆಂಡಿನ ಪಾದ್ರಿ ಫೋರ್ಸೈತ್ ಪೇಟೆಂಟು ಪಡೆದದ್ದು 1807ರಲ್ಲಿ. ತಾಮ್ರದ ಕೇಪು ಬಳಕೆಗೆ ಬಂದದ್ದು 1820ರ ನಂತರ. ಹಾಗಾಗಿ ಕೇಪಿನ ಕೋವಿ ಟಿಪ್ಪುವಿನದಾಗುವುದು ಹೇಗೆ? ಚಕಮಕಿಯ ಕೋವಿಯನ್ನು ಮುಂದೆ ಕೇಪಿಗೆ ಬದಲಿಸಿದ್ದೂ ಉಂಟು. ಹಾಗೆ ಮಾಡಿದ್ದರೆ ಕುದುರೆ ಕೂತ ತಗಡಿನಲ್ಲಿ ಹಳೆಯ ತೂತು ಮುಚ್ಚಿದ ಗುರುತು ಕಾಣುತ್ತದೆ. ನಮ್ಮದರಲ್ಲಿ ಅದೂ ಇಲ್ಲ.

ಮೂರನೆಯದು, ಮುದ್ರೆ. ನಳಿಗೆಯ ಬುಡದಲ್ಲಿ ಮೊಟ್ಟೆಯಾಕಾರದ ಚಿಕ್ಕ ಮುದ್ರೆ, ಒಳಗೆ ಇ.ಎಲ್.ಜಿ. ಅಕ್ಷರ, ಒಂದು ನಕ್ಷತ್ರ, ಮೇಲೆ ಕಿರೀಟ. ಇದು ಬೆಲ್ಜಿಯಂನ ಲಿಯೇಜ್ ಪಟ್ಟಣದ ಪರೀಕ್ಷಾಕೇಂದ್ರದ ಗುರುತು. ಅದರ ಮೇಲೆ ಕಿರೀಟ ಸೇರಿದ್ದು 1893ರಲ್ಲಿ. ತೋಟಾ ಕೋವಿ ಬಂದಮೇಲೂ ಬೆಲ್ಜಿಯಂನವರು ಅಗ್ಗದ ಕೇಪಿನ ಕೋವಿ ಮಾಡಿ ಬೇರೆ ದೇಶಗಳಿಗೆ ಕಳಿಸುತ್ತಲೇ ಇದ್ದರು. ನಮ್ಮದು ಅಂಥದ್ದೊಂದು. ಟಿಪ್ಪು ತೀರಿ ನೂರು ವರ್ಷಕ್ಕೆ ಹತ್ತಿರವಾದಾಗ ಹುಟ್ಟಿದ್ದು!

ಅಜ್ಜನ ತೋಟಾ ಕೋವಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಿಂದ ಬಂದದ್ದು, ಗ್ರೀನರ್ ಕಂಪನಿಯದು. ಅದರಲ್ಲಿ ಕಿರೀಟದ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಎಂಬ ಅಕ್ಷರಗಳಿವೆ. ಎನ್.ಪಿ. ಇದ್ದರೆ ಹೊಗೆಯಿಲ್ಲದ ಮದ್ದಿನ ಒತ್ತಡಕ್ಕೆ ಪರೀಕ್ಷೆಯಾಗಿದೆ ಎಂದರ್ಥ. ಬರ್ಮಿಂಗ್‌ಹ್ಯಾಂನಲ್ಲಿ ಈ ಗುರುತು ಬಂದದ್ದು 1904ರಿಂದ. ಅದಿಲ್ಲದ ಹಳೆಯ ನಳಿಗೆ ಕರಿಮಸಿಗೆ ಮಾತ್ರ ಆದದ್ದು. ನಳಿಗೆಯ ಮೇಲೆ ಹಾವಿನ ಮೈಯಂತೆ ಸುರುಳಿ ಗೆರೆ ಕಂಡರೆ ಅದು ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ನೋಡಲು ಬಲು ಚೆಂದ. ಆದರೆ ಬೆಸುಗೆಯ ಸಂದಿನಲ್ಲಿ ಒಳಗೊಳಗೇ ತುಕ್ಕು ತಿಂದಿರುತ್ತದೆ. ಅಂಥದ್ದರಲ್ಲಿ ಈಗಿನ ತೋಟಾ ಹಾಕುವುದು ಪ್ರಾಣಕ್ಕೆ ಕುತ್ತು. ತೋಟಾದ ಉದ್ದವೂ ಮುಖ್ಯ. ಹಳೆಯ 12 ಬೋರುಗಳಲ್ಲಿ ಎಷ್ಟೋ ಎರಡೂವರೆ ಇಂಚಿನ ತೋಟಾಕ್ಕೆ ಮಾಡಿದವು. ಈಗ ಸಾಮಾನ್ಯವಾಗಿ ಸಿಗುವುದು ಎರಡೂ ಮುಕ್ಕಾಲು ಇಂಚಿನದು. ಹಾಕಿದರೆ ಕೂರುತ್ತದೆ, ಅದೇ ಮೋಸ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

ಬೆಲೆ ನಿಲ್ಲುವುದು ಯಾವುದರ ಮೇಲೆ?

ವ್ಯಾಪಾರಿಯೊಬ್ಬರು ಬಾಯಿಬಿಟ್ಟು ಹೇಳಿದ ಲೆಕ್ಕ ಇದು. ಕೇಪಿನ ಕೋವಿಗೆ ಮೂರು ಸಾವಿರ, ಅದೂ ಯಾರಾದರೂ ಕೇಳಿದರೆ. ಅಜ್ಜನ ತೋಟಾ ಕೋವಿಗೆ ಮೂವತ್ತೈದು ಸಾವಿರ. ತಮ್ಮನಿಗೆ ನಂಬಿಕೆಯಾಗಲಿಲ್ಲ. ಆದರೆ ಅವರು ಕೊಟ್ಟ ಕಾರಣಗಳು ಒಪ್ಪುವಂಥವೇ.

ಒಂದು, ಹಳೆಯದು ಅಂದಮಾತ್ರಕ್ಕೆ ಬೆಲೆಯಿಲ್ಲ. ಮಾಡಿದವರು ಯಾರು, ಎಷ್ಟು ಮಾಡಿದ್ದರು ಎಂಬುದು ಮುಖ್ಯ. ಲಕ್ಷಗಟ್ಟಲೆ ಬಂದ ಅಗ್ಗದ ಮಾಲು ನೂರು ವರ್ಷವಾದರೂ ಅಗ್ಗದ್ದೇ.

ಎರಡು, ಮೂಲದ ಮರ, ಮೂಲದ ಕುದುರೆ, ಮೂಲದ ಮೈಬಣ್ಣ ಉಳಿದಿರಬೇಕು. ಊರ ಬಡಗಿ ಹೊಸ ಹಲಸಿನ ಹಿಡಿ ಹಾಕಿಕೊಟ್ಟಿದ್ದರೆ ಕೆಲಸಕ್ಕಾಯಿತು, ಬೆಲೆಗೆ ಹೋಯಿತು.

ಮೂರು, ನಳಿಗೆಯ ಒಳಮೈ. ಹೊರಗೆ ಎಷ್ಟೇ ಹೊಳೆಯಲಿ, ಒಳಗೆ ಗುಳಿ ಬಿದ್ದಿದ್ದರೆ ಅದು ಗೋಡೆಯ ಅಲಂಕಾರ.

ನಾಲ್ಕು, ದಾಖಲೆ. ಆ ಖಡ್ಗಕ್ಕೆ ಅಷ್ಟು ಬೆಲೆ ಬಂದದ್ದು ಬರೀ ಉಕ್ಕು ಚಿನ್ನಕ್ಕಲ್ಲ. ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ಬರಹ ಇತ್ತು. 'ಅಜ್ಜ ಹೇಳ್ತಿದ್ರು' ಎಂಬುದಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ.

ಐದು, ಕೊಳ್ಳುವವರು. ಲೈಸೆನ್ಸು ಇದ್ದವರೇ ಕೊಳ್ಳಬೇಕು. ಎರಡರ ಮಿತಿ ಬಂದಮೇಲೆ ಮೂರಿದ್ದವರು ಒಂದನ್ನು ಬಿಡಬೇಕಾಯಿತು. ಕೊಳ್ಳುವವರು ಕಡಿಮೆ, ಮಾರುವವರು ಹೆಚ್ಚು. ಅಡಿಕೆಯ ಪೇಟೆ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಪರದೇಶದ ಹರಾಜಿನ ದರ ಓದಿ ಬಾಯಲ್ಲಿ ನೀರೂರಿಸಿಕೊಳ್ಳಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಪ್ರಾಚ್ಯವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಆ ಪೇಟೆ ನಮ್ಮದಲ್ಲ.

ಈ ನಡುವೆ ಒಬ್ಬ ಮಧ್ಯವರ್ತಿ ಮನೆಗೇ ಬಂದ. ಕೇಪಿನ ಕೋವಿಗೆ ಅರವತ್ತು ಸಾವಿರ ಕೊಡುತ್ತೇನೆ, 'ಆಂಟಿಕ್' ಆದ್ದರಿಂದ ಕಾಗದ ಬೇಡ, ರಾತ್ರಿ ಜೀಪು ತರುತ್ತೇನೆ ಅಂದ. ಮೂರು ಸಾವಿರದ ಮಾಲಿಗೆ ಅರವತ್ತು ಕೊಡುವವನು ಯಾಕೆ ಕೊಡುತ್ತಾನೆ? ಕಾಗದವಿಲ್ಲದ ಕೋವಿ ಕಾಡಿಗೆ ಹೋಗುತ್ತದೆ. ನಾಳೆ ಒಂದು ಕಾಟಿಯೋ ಒಬ್ಬ ಮನುಷ್ಯನೋ ಬಿದ್ದರೆ ಲೈಸೆನ್ಸಿನಲ್ಲಿರುವ ಹೆಸರು ನಮ್ಮದು. ಸಾಲದ ಕಂತು ಕಣ್ಣೆದುರು ಇದ್ದದ್ದು ಹೌದು. ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆಗುವುದಿಲ್ಲ ಅಂದೆ.

'ಆಂಟಿಕ್' ವಿಷಯದಲ್ಲಿ ಕಾನೂನು ಹೇಳುವುದು ಹೀಗೆ. ರಿಪೇರಿ ಮಾಡಿದರೂ ಕೋವಿಯಾಗಿ ಬಳಸಲು ಬಾರದಂಥ ಹಳೆಯ ಮಾದರಿಯ ಅಥವಾ ಕೆಟ್ಟುಹೋದ ಆಯುಧಕ್ಕೆ ಮಾತ್ರ 45ನೇ ಕಲಮಿನಲ್ಲಿ ವಿನಾಯಿತಿ. 2020ರ ನಿಯಮ ತಿದ್ದುಪಡಿಯಲ್ಲಿ 'ಕ್ಯೂರಿಯೊ' ವರ್ಗಕ್ಕೆ ಸೇರುವ ಸಣ್ಣ ಆಯುಧಗಳನ್ನು ಇಟ್ಟುಕೊಳ್ಳಲು ಲೈಸೆನ್ಸು ಬೇಡವೆಂದರೂ ಬಳಸಲು, ಸಾಗಿಸಲು ಬೇಕು. ನಿಮ್ಮ ಕೋವಿ ಆ ವರ್ಗಕ್ಕೆ ಸೇರುತ್ತದೆ ಎಂದು ನಿರ್ಧರಿಸಬೇಕಾದವರು ನೀವೂ ಅಲ್ಲ, ಮಧ್ಯವರ್ತಿಯೂ ಅಲ್ಲ. ಅಧಿಕಾರಿಗಳಿಂದ ಬರಹದಲ್ಲಿ ಪಡೆಯುವ ತನಕ ಅದು ಲೈಸೆನ್ಸು ಬೇಕಾದ ಕೋವಿಯೇ ಅಂತ ತಿಳಿದು ನಡೆಯಿರಿ. ಮಾರುವುದಾದರೂ ಹಕ್ಕಿರುವವರಿಗೇ ಮಾರಬೇಕು. ಜಿಲ್ಲಾ ದಂಡಾಧಿಕಾರಿಗೆ ಅಥವಾ ಠಾಣೆಗೆ ಬರಹದಲ್ಲಿ ತಿಳಿಸಿ 45 ದಿನ ಕಳೆಯಬೇಕು.

ಹುಣಸೆಹುಳಿ ತಿಂದ ಅಂಕಿ

ಈಗ ಹದಿನಾಲ್ಕು ತಿಂಗಳ ಕಾರಣ. ಆಯುಧಪೂಜೆಗೆ ಎರಡೂ ಕೋವಿಗಳನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ತೊಳೆಯುವುದು ನಮ್ಮ ಮನೆಯ ವಾಡಿಕೆ. ಒಂದು ವರ್ಷ ನಾನೇ ಎಮರಿ ಕಾಗದ ತಂದು ಬೆಳ್ಳಿಯಂತೆ ಹೊಳೆಸಿದ್ದೆ. ಅಪ್ಪ ಮೆಚ್ಚಿದ್ದರು. ಅದರ ಫಲ ಏನಾಯಿತೆಂದರೆ, ತೋಟಾ ಕೋವಿಯ ನಂಬರಿನ ಕೊನೆಯ ಅಂಕಿ ಸವೆದು 3 ಅಥವಾ 8 ಅಂತ ತಿಳಿಯದಾಯಿತು. ತಪಾಸಣೆಗೆ ಬಂದವರು ಹೊಂದಿಕೆಯಾಗುವುದಿಲ್ಲ ಅಂತ ಬರೆದರು. ತಪ್ಪಲ್ಲ. ಗುರುತಿನ ಸಂಖ್ಯೆ ಅಳಿಸುವುದು 8ನೇ ಕಲಮಿನಂತೆ ಅಪರಾಧ. ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದ್ದೆಂದು ತಿಳಿಯುತ್ತಾರೆ.

ಬಿಡಿಸಿದ್ದು ಅಮ್ಮ. ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿ ಸೀರೆಗಳ ಅಡಿಯಲ್ಲಿ 1956ರ ಖರೀದಿ ರಶೀದಿ ಇಟ್ಟಿದ್ದರು. ನಂಬರು ಸ್ಪಷ್ಟವಾಗಿ 8. ಅದರ ಮೇಲೆ ಕೆಲಸ ನಡೆದು ಲೈಸೆನ್ಸು ಬಂತು. ಮೂವತ್ತೈದು ಸಾವಿರದ ಕೋವಿಯನ್ನು ಉಳಿಸಿದ್ದು ಒಂದು ಹಳದಿ ಕಾಗದ. ಹಾಗಾಗಿ ಹಳೆಯ ಕಾಗದ ಎಸೆಯಬೇಡಿ. ಇವತ್ತೇ ನಂಬರು, ಮುದ್ರೆ, ಇಡೀ ಕೋವಿ ಇವುಗಳ ಫೋಟೋ ತೆಗೆದಿಡಿ.

ಜತನ ಹೇಗೆ? ಹೆಚ್ಚು ಮಾಡದಿರುವುದೇ ಜತನ

ಕುದುರೆ, ಸ್ಪ್ರಿಂಗು, ನಳಿಗೆ, ಅಂದರೆ ಕೋವಿ ಕೆಲಸ ಮಾಡುವ ಯಾವ ಭಾಗಕ್ಕೂ ಊರಿನ ಕುಲುಮೆ, ಲೇತಿನವರ ಕೈ ತಾಗಿಸಬಾರದು. ರಿಪೇರಿಗೂ ಲೈಸೆನ್ಸು ಬೇಕು. ಫ್ಯಾಕ್ಟರಿ ಮಾವನಿಗೆ ಬೇಕಾದಷ್ಟು ಗೊತ್ತು. ಆದರೂ "ನಾನು ಒಂದು ಸ್ಕ್ರೂ ಸಹ ತಿರುಗಿಸಲ್ಲ ಮಾರಾಯ, ಒರೆಸೋದು ಮಾತ್ರ ಹೇಳಿಕೊಡ್ತೇನೆ" ಅಂದರು. ಅವರು ಹೇಳಿಕೊಟ್ಟದ್ದು ಇಷ್ಟು:

ಕಂದು ಬಣ್ಣ ಕೊಳೆಯಲ್ಲ. ಹಳೆಯ ಕಬ್ಬಿಣದ ಮೇಲಿನ ನುಣುಪಾದ ಕಂದು ಪದರ ಅದರ ಚರ್ಮ. ಅದನ್ನು ತೆಗೆದರೆ ಹೊಸ ತುಕ್ಕು ಬೇಗ ಹಿಡಿಯುತ್ತದೆ, ಬೆಲೆಯೂ ಹೋಗುತ್ತದೆ. ಪುಡಿ ಉದುರುವ ಕೆಂಪು ತುಕ್ಕು ಮಾತ್ರ ಶತ್ರು.

ಕೆಂಪು ತುಕ್ಕಿಗೆ ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಹೊಲಿಗೆ ಯಂತ್ರದ ಎಣ್ಣೆ ಆದೀತು. ಮಾರನೇ ದಿನ ಒರಟು ಹತ್ತಿಬಟ್ಟೆಯಲ್ಲಿ ಒರೆಸಿ. ಗಟ್ಟಿ ಹಿಡಿದದ್ದನ್ನು ತಾಮ್ರದ ಕಾಸಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರ ಕಬ್ಬಿಣಕ್ಕಿಂತ ಮೆದು, ಗೀರು ಬೀಳದು. ಒಂದೇ ದಿನದಲ್ಲಿ ಆಗುವುದಿಲ್ಲ, ನಾಲ್ಕಾರು ಸಲ ಬೇಕು. ಎಮರಿ, ಹುಣಸೆ, ಆಸಿಡ್, ತಂತಿ ಬ್ರಶ್ಶು ಬೇಡ. ನಂಬರು, ಮುದ್ರೆ ಇರುವ ಕಡೆ ಬಟ್ಟೆ ಬಿಟ್ಟು ಬೇರೇನೂ ಬೇಡ.

ತೆಂಗಿನೆಣ್ಣೆ ಬೇಡ. ದಿನ ಕಳೆದಂತೆ ಅಂಟಾಗಿ ಧೂಳು ಹಿಡಿದು ಕುದುರೆಯನ್ನೇ ಬಿಗಿಯುತ್ತದೆ.

ಮರಕ್ಕೆ ಅಗಸೆ ಎಣ್ಣೆ. ಅಂಗೈಯಲ್ಲಿ ನಾಲ್ಕು ಹನಿ ಹಾಕಿಕೊಂಡು ಬಿಸಿಯಾಗುವಷ್ಟು ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ. ವಾರ್ನಿಶ್ ಬೇಡ. ಕುಟ್ಟೆಹುಳದ ಹಿಟ್ಟು ಉದುರುತ್ತಿದೆಯೇ ನೋಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಹೊತ್ತಿಕೊಂಡೀತು. ಬಿಡಿಸಿ ಹೊರಗೆ ಒಣಗಿಸಿ.

ಕರಿಮಸಿ ಹೊಡೆದ ಕೋವಿಯನ್ನು ಹಾಗೆಯೇ ಇಟ್ಟರೆ ಉಳಿದ ಕಿಟ್ಟ ಗಾಳಿಯ ನೀರು ಹೀರಿ ನಳಿಗೆಯನ್ನು ತಿನ್ನುತ್ತದೆ. ನಮ್ಮ ಕೇಪಿನ ಕೋವಿಯ ಬುಡದಲ್ಲಿ ಬಿದ್ದ ಗುಳಿಗಳು ಹಾಗೆ ಬಂದವು. ಆದ್ದರಿಂದ ಅದನ್ನು ಇನ್ನು ಹೊಡೆಯಲೇಬಾರದು ಅಂತ ರಿಪೇರಿಯವರು ಹೇಳಿದರು.

ಇಡುವ ಜಾಗ. ಒಲೆಯ ಅಟ್ಟ ಬೇಡ, ಮಸಿಹೊಗೆ ತೇವ ಹಿಡಿಯುತ್ತದೆ. ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಬೇಡ, ಗೋಣಿಯೂ ಬೇಡ. ಗಾಳಿಯಾಡುವ, ಬೀಗವಿರುವ ಮರದ ಕಪಾಟು ಒಳ್ಳೆಯದು. ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಮರಕ್ಕೆ ಇಳಿದು ಮರ ಮೆತ್ತಗಾಗುವುದು ತಪ್ಪುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒಣಬಟ್ಟೆ, ಆಮೇಲೆ ಎಣ್ಣೆ ಬಟ್ಟೆ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಬೆರಳಚ್ಚಾಗಿ ತುಕ್ಕು ಮೂಡಿಸುತ್ತದೆ. ಮುಟ್ಟಿದಮೇಲೆ ಒರೆಸಿಡಿ. ತೋಟಾವನ್ನು ಬೇರೆಯೇ ಬೀಗದಲ್ಲಿ ಇಡಿ.

ಚುನಾವಣೆಯ ಹೊತ್ತಿಗೆ ಕೋವಿ ಠೇವಣಿ ಇಡಲು ಹೇಳಿದರೆ ಮೊದಲೇ ದಪ್ಪ ಎಣ್ಣೆ ಹಚ್ಚಿ ಕೊಡಿ. ಸ್ಥಿತಿ, ನಂಬರು ಬರೆಸಿ ರಶೀದಿ ತೆಗೆದುಕೊಳ್ಳಿ. ತಂದ ದಿನವೇ ಒರೆಸಿ ನೋಡಿ.

ಪೂಜೆ ಬಿಡಬೇಕಿಲ್ಲ. ನಾವೀಗ ಕುಂಕುಮವನ್ನು ಕೋವಿಗೆ ಹಚ್ಚುವುದಿಲ್ಲ, ಅಡಿಯ ಮಣೆಗೆ ಹಚ್ಚುತ್ತೇವೆ. ನೀರು ಚಿಮುಕಿಸುವುದಿಲ್ಲ. ಅಮ್ಮ ಮೊದಲು ಗೊಣಗಿದರು. ಈಗ ಅವರೇ ಎಣ್ಣೆ ಬಟ್ಟೆ ತಂದುಕೊಡುತ್ತಾರೆ.

ಕಡೆಯ ಲೆಕ್ಕ

ಬೆಳೆರಕ್ಷಣೆಯ ಲೈಸೆನ್ಸು ಎಂದರೆ ಕೊಲ್ಲುವ ಅಪ್ಪಣೆಯಲ್ಲ. ವನ್ಯಜೀವಿ ಕಾಯ್ದೆ ಇದೆ. ನಾನು ವರ್ಷಕ್ಕೆ ಒಂದೆರಡು ಬಾರಿ ಮಂಗನ ಹಿಂಡು ಏಳಿಸಲು ಆಕಾಶಕ್ಕೆ ಹೊಡೆದದ್ದು ಬಿಟ್ಟರೆ ಅಜ್ಜನ ಕೋವಿಗೆ ಕೆಲಸವಿಲ್ಲ. ತಮ್ಮ ಕಳೆದ ದಸರೆಗೆ ಬಂದಾಗ ಲೆಕ್ಕ ಹಾಕಿದೆವು. ಎರಡೂ ಮಾರಿದರೆ ಮೂವತ್ತೆಂಟು ಸಾವಿರ. ಬೋರ್‌ವೆಲ್ಲಿನ ಕಾಲುಭಾಗಕ್ಕೂ ಸಾಲದು. "ಇರಲಿ ಬಿಡು ಅಣ್ಣಾ" ಅಂದ. ಇಟ್ಟುಕೊಂಡೆವು.

ಕೇಪಿನ ಕೋವಿ ಈಗ ಖಾಲಿ. ಅದರಿಂದ ತೆಗೆದ ಚರೆಯನ್ನಾಗಲಿ ಮಸಿಯನ್ನಾಗಲಿ ನಾನು ಮನೆಗೆ ತರಲಿಲ್ಲ. ಆ ನಾರಿನ ಉಂಡೆಯನ್ನು ಮಾತ್ರ ಕೇಳಿ ತಂದೆ. ಅಜ್ಜನ ಕೈ ಉಂಡೆ ಕಟ್ಟಿದ ಹಾಗೆಯೇ ಇದೆ. ಅದು ಈಗ ಲೈಸೆನ್ಸು ಮತ್ತು 1956ರ ರಶೀದಿಯ ಜೊತೆ ಪೆಟ್ಟಿಗೆಯಲ್ಲಿದೆ. ಮೊಮ್ಮಗ ಕೇಳಿದಾಗಲೆಲ್ಲ ತೆಗೆದು ತೋರಿಸುತ್ತೇನೆ. ತೋರಿಸಿ, ಅವನು ಆಡುತ್ತಿದ್ದ ಕೋವಿಯೊಳಗೆ ಇದು ಇತ್ತು ಅಂತ ಹೇಳುತ್ತೇನೆ.

ನಿಮ್ಮ ಅಟ್ಟದಲ್ಲಿ ಕೋವಿ ಇದ್ದರೆ ಬೆಲೆ ಕೇಳುವ ಮೊದಲು ಒಂದು ಬಿದಿರು ಕಡ್ಡಿ ಹುಡುಕಿ. ಆಮೇಲೆ ಲೈಸೆನ್ಸು ಯಾರ ಹೆಸರಿನಲ್ಲಿದೆ, ಎಂದಿಗೆ ಮುಗಿಯುತ್ತದೆ ನೋಡಿ. ಇವತ್ತು ಸಂಜೆಯೇ ಆಗುವ ಕೆಲಸ ಇದು. ಬೇರೆ ಊರಿನ ಕೃಷಿಕರಿಗೆ ಇದರಲ್ಲಿ ಇನ್ನೂ ಹೆಚ್ಚಿನ ಅನುಭವ ಇದ್ದರೆ ಪತ್ರಿಕೆಗೆ ಬರೆಯಬೇಕು. ನನ್ನಲ್ಲಿ ತಪ್ಪಿದ್ದರೆ ತಿದ್ದಬೇಕು.